ಮಾತನ್ನು ನಂಬಿದ ಹರ್ಮನ್ ಮೊಗ್ಲಿಂಗ್

ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕದ ಬಗ್ಗೆ ಕೇಳದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಭಾರತ ಹುಣ್ಣಿಮೆಯ ಜಾತ್ರೆಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಿಂದ ಜನ ಬಂಡಿ ಕಟ್ಟಿಕೊಂಡು ಹೊರಡುತ್ತಾರೆ. ಗೊರವಯ್ಯ ಬಿಲ್ಲೇರಿದಾಗ ಲಕ್ಷಾಂತರ ಮಂದಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆತ ನುಡಿಯುವುದು ಒಂದೇ ಸಾಲು. ಅದರ ಮೇಲೆ ಇಡೀ ವರ್ಷದ ಮಳೆ ಬೆಳೆಯ ಲೆಕ್ಕ. ಇದು ನಮ್ಮ ಆಚರಣೆಯಲ್ಲ, ನಿಜ. ಆದರೆ ಒಂದು ಮಾತಿಗಾಗಿ ಕಾಯುವುದೆಂದರೇನು ಎಂಬುದು ಈ ಮಣ್ಣಿನವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಹೀಗೆಯೇ ಕಾಯುತ್ತಿದ್ದ ಕೆಲವರು 1840ರ ಸುಮಾರಿಗೆ ಹುಬ್ಬಳ್ಳಿಯಲ್ಲಿದ್ದ ಬಾಸೆಲ್ ಮಿಷನ್ ಪಾದ್ರಿಗಳ ಬಳಿಗೆ ಬಂದರು. ಅವರು ಕಾಲಜ್ಞಾನದ ನುಡಿಗಳನ್ನು ನಂಬಿದವರು. ತಮ್ಮ ಹಳೆಯ ನುಡಿಗಳು ಸೂಚಿಸಿದ ಬೋಧಕರು ಈ ಪರದೇಶಿಗಳೇ ಇರಬಹುದೆಂದು ಅವರಿಗೆ ತೋರಿತು. ಪಾದ್ರಿಗಳ ಹರ್ಷಕ್ಕೆ ಪಾರವಿರಲಿಲ್ಲ. ಬರುವವರಿಗೆಂದು ಗದಗಿನ ಹತ್ತಿರ, ಅಂದರೆ ನಮ್ಮ ಹಡಗಲಿಯಿಂದ ತುಂಗಭದ್ರೆಯ ಆಚೆಗೆ, ಮಲ್ಲಸಮುದ್ರದಲ್ಲಿ ಭೂಮಿ ಪಡೆದು 1841ರಲ್ಲಿ ಒಂದು ವಸಾಹತನ್ನೇ ಕಟ್ಟಿದರು. ಬರುತ್ತೇವೆಂದ ಜನ ಬರಲಿಲ್ಲ.

ಈ ಯೋಜನೆಯ ಮೇಲೆ ದೊಡ್ಡ ಆಸೆ ಇಟ್ಟುಕೊಂಡಿದ್ದವರಲ್ಲಿ ಹರ್ಮನ್ ಮೊಗ್ಲಿಂಗ್ ಒಬ್ಬರು. ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆಂದು ಶಾಲೆಯ ಮಕ್ಕಳಿಗೂ ಅವರ ಹೆಸರು ಗೊತ್ತು. ಆದರೆ ಅವರು ಯಾವ ವಿಶ್ವಾಸದಿಂದ ಬದುಕಿದರೆಂಬುದನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ.

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ಬ್ರಾಕನ್‌ಹೈಮ್ ಎಂಬಲ್ಲಿ. ಅದು ಮಾರ್ಟಿನ್ ಲೂಥರನ ಬೋಧನೆಯನ್ನು 16ನೇ ಶತಮಾನದಲ್ಲೇ ಸ್ವೀಕರಿಸಿದ ನಾಡು. ಟ್ಯೂಬಿಂಗೆನ್‌ನಲ್ಲಿ ದೈವಶಾಸ್ತ್ರ ಓದಿ ಅವರು ಬಾಸೆಲ್ ಮಿಷನ್ ಸೇರಿದರು, 1836ರ ಕೊನೆಗೆ ಮಂಗಳೂರು ತಲುಪಿದರು.

ಲೂಥರನ ಬೋಧನೆಯ ತಿರುಳನ್ನು ಇಲ್ಲಿ ಹೇಳಲೇಬೇಕು. ಆತ ಅಗಸ್ಟೀನ್ ಸಭೆಯ ಸನ್ಯಾಸಿ. ಉಪವಾಸ, ಜಾಗರಣೆ, ಮೇಲಿಂದ ಮೇಲೆ ಪಾಪನಿವೇದನೆ ಎಲ್ಲವನ್ನೂ ಮಾಡಿದರೂ ದೇವರು ತನ್ನನ್ನು ಒಪ್ಪಿಕೊಂಡಿದ್ದಾರೆಯೇ ಎಂಬ ಅಂಜಿಕೆ ಅವನನ್ನು ಬಿಡಲಿಲ್ಲ. ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಅವನಿಗೆ ಉತ್ತರ ಸಿಕ್ಕಿತು. ಮನುಷ್ಯ ನೀತಿವಂತನಾಗುವುದು ತಾನು ಕೂಡಿಟ್ಟ ಪುಣ್ಯದಿಂದಲ್ಲ. ಕ್ರಿಸ್ತರಲ್ಲಿ ದೇವರು ಕೊಟ್ಟ ವಾಗ್ದಾನವನ್ನು ನಂಬಿ ಕೈಚಾಚಿದಾಗ ಅದು ಉಚಿತವಾಗಿ ದೊರೆಯುತ್ತದೆ. ವಿಶ್ವಾಸವೆಂದರೆ ದೇವರಿದ್ದಾರೆಂದು ಒಪ್ಪುವುದಷ್ಟೇ ಅಲ್ಲ, ಕೊಟ್ಟ ಮಾತಿಗೆ ಅವರು ತಪ್ಪುವುದಿಲ್ಲವೆಂದು ಅವರ ಮೇಲೆ ಭಾರ ಹಾಕುವುದು. ಸತ್ಕಾರ್ಯಗಳು ಬೇಡವೆಂದು ಆತ ಹೇಳಲಿಲ್ಲ; ಮರ ಒಳ್ಳೆಯದಾದರೆ ಹಣ್ಣು ತಾನಾಗಿ ಬರುತ್ತದೆ ಎಂಬುದು ಅವನ ವಾದ.

ಈ ನಂಬಿಕೆಯನ್ನು ಹೊತ್ತು ಬಂದ ಮೊಗ್ಲಿಂಗ್ ದುಡಿದದ್ದು ಅಷ್ಟಿಷ್ಟಲ್ಲ. ಮಂಗಳೂರಿನಲ್ಲಿ ಶಾಲೆ ನಡೆಸಿದರು. ವಸತಿಯ ಹುಡುಗರೊಂದಿಗೆ ನೆಲದ ಮೇಲೆ ಕೂತು ಅವರದೇ ಊಟ ಉಂಡರು. ಬಿಳಿಯರಲ್ಲಿ ಇದು ಆಗ ಆಕ್ಷೇಪಕ್ಕೆ ಕಾರಣವಾಗುವಂಥ ಮಾತು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಬಂತು. ನಮ್ಮವರು ಹೆಮ್ಮೆಪಡಬೇಕಾದ ಸಂಗತಿಯೆಂದರೆ, 1844ರಲ್ಲಿ ಆ ಪತ್ರಿಕೆ ‘ಕನ್ನಡ ಸಮಾಚಾರ’ವೆಂಬ ಹೆಸರು ತಳೆದು ಬಳ್ಳಾರಿಯಲ್ಲಿ ಮೊಳೆಯಚ್ಚಿನಲ್ಲಿ ಮುದ್ರಣಗೊಂಡಿತು. ಆದರೆ ಅದೂ ಹೆಚ್ಚು ಕಾಲ ಬಾಳಲಿಲ್ಲ.

ಅದೇ 1844ರ ಜನವರಿಯಲ್ಲಿ ಅವರ ವಿದ್ಯಾರ್ಥಿ, ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರೆಲ್ಲ ಕಲಕಿಹೋಯಿತು. ಮುಂದೆ ಕೌಂಡಿನ್ಯರು ಬಾಸೆಲ್‌ನಲ್ಲಿ ಓದಿ 1851ರಲ್ಲಿ ಪಾದ್ರಿಯಾದರು. ಒಂದು ಮನೆಯ ಕಣ್ಣೀರನ್ನು ಮರೆತು ಇದನ್ನು ಬರೀ ಜಯವೆಂದು ಬರೆಯುವುದು ನನಗೆ ಇಷ್ಟವಿಲ್ಲ.

ಆಮೇಲೆ ಕೊಡಗು. ಆಲಮಂಡ ಸೋಮಯ್ಯ ಎಂಬ ಕೊಡವರು ಮೊಗ್ಲಿಂಗರನ್ನು ಹುಡುಕಿಕೊಂಡು ಮಂಗಳೂರಿಗೆ ಬಂದರು, 1853ರಲ್ಲಿ ಕ್ರೈಸ್ತರಾದರು. ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಬೇಕಿದ್ದ ಮೊಗ್ಲಿಂಗ್ ಇದನ್ನು ದೇವರ ಕರೆಯೆಂದು ತಿಳಿದು ಮಿಷನ್‌ನ ಕಟ್ಟಿನಿಂದ ಹೊರಬಂದು ತಮ್ಮದೇ ಹೊಣೆಯಲ್ಲಿ ಬೆಟ್ಟ ಹತ್ತಿದರು. ಇಡೀ ಕೊಡಗು ತಿರುಗುತ್ತದೆಂದು ಭಾವಿಸಿದ್ದರು. ಕೊಡವರು ಬರಲಿಲ್ಲ. ಬಂದವರು ಜಮೀನಿನ ಜೀತದಾಳುಗಳಾಗಿದ್ದ ದಲಿತರು. ಅವರಿಗಾಗಿ ಸಿದ್ದಾಪುರದ ಬಳಿ ಆನಂದಪುರ ಎಂಬ ಊರು ಕಟ್ಟಿದರು. 1860ರಲ್ಲಿ, ಪತ್ನಿಯ ಅನಾರೋಗ್ಯದ ಕಾರಣ, ಅದನ್ನೂ ಬಿಟ್ಟು ಜರ್ಮನಿಗೆ ಹೋದರು. ಪತ್ನಿ ಪೌಲಿನ್, ಕನ್ನಡ ಬೈಬಲಿಗಾಗಿ ಶ್ರಮಿಸಿ ತೀರಿಕೊಂಡ ಅವರ ಗೆಳೆಯ ವೈಗ್ಲೆಯವರ ವಿಧವೆ. ಮತ್ತೆ ಅವರು ಭಾರತವನ್ನು ನೋಡಲಿಲ್ಲ.

ಲೆಕ್ಕದ ಪುಸ್ತಕ ತೆರೆದು ನೋಡಿದರೆ, ಕೈ ಹಾಕಿದ್ದರಲ್ಲಿ ಅರ್ಧ ಕೆಲಸ ನಷ್ಟವೇ. ದೇವರ ಮುಂದೆ ತನ್ನ ಬೆಲೆ ತಾನು ಮಾಡಿ ಮುಗಿಸಿದ ಕೆಲಸದಿಂದ ಬರುತ್ತದೆಂದು ನಂಬಿದವನು ಇಷ್ಟರಲ್ಲಿ ಮುರಿದುಬೀಳಬೇಕಿತ್ತು. ಮೊಗ್ಲಿಂಗ್ ಒಂದು ಮುರಿದ ಕೂಡಲೇ ಇನ್ನೊಂದನ್ನು ಆರಂಭಿಸಿದರು. ಅವರ ತಪ್ಪನ್ನೂ ಹೇಳಬೇಕು. ಮಲ್ಲಸಮುದ್ರದಲ್ಲಿ ಅವರು, ಅವರ ಸಂಗಡಿಗರು, ಜನರ ಮಾತನ್ನೇ ದೇವರ ವಾಗ್ದಾನವೆಂದು ಎಣಿಸಿಬಿಟ್ಟರು. ನಮ್ಮ ಕಾರ್ಯ ಕೈಗೂಡುತ್ತದೆಂದು ದೇವರು ಎಲ್ಲೂ ಮಾತು ಕೊಟ್ಟಿಲ್ಲ. ನಮ್ಮನ್ನು ಕೈಬಿಡುವುದಿಲ್ಲವೆಂದು ಕೊಟ್ಟಿದ್ದಾರೆ. ಇವೆರಡರ ವ್ಯತ್ಯಾಸ ಲೂಥರನ ಶಿಷ್ಯರಿಗೂ ಬದುಕಿನಲ್ಲಿ ಪೆಟ್ಟು ತಿಂದೇ ತಿಳಿಯಬೇಕಾಯಿತು.

ನಮ್ಮ ಮನೆಗಳಲ್ಲೂ ಈ ಗೊಂದಲ ಇಲ್ಲವೇ? ಮಳೆ ಕೈಕೊಟ್ಟು ಗುಳೆ ಹೋಗಬೇಕಾದ ರೈತ ದೇವರು ಮುನಿದಿದ್ದಾರೆಂದು ಗುಡಿಯ ಬಾಗಿಲಲ್ಲೇ ನಿಂತುಬಿಡುತ್ತಾನೆ. ನೊವೇನಾದ ಒಂದು ದಿನ ತಪ್ಪಿದ್ದಕ್ಕೇ ಮಗನಿಗೆ ಕೆಲಸ ಸಿಗಲಿಲ್ಲವೆಂದು ತಾಯಿ ಅಳುತ್ತಾಳೆ. ಜಪಸರ, ಹರಕೆ, ನೊವೇನಾ ಇವು ಪ್ರೀತಿಯ ಕಾಣಿಕೆಗಳು, ಸಾಲದ ಕಂತುಗಳಲ್ಲ. ಇದನ್ನು ಹೇಳಲು ನಾವು ಲೂಥರನ್ ಆಗಬೇಕಿಲ್ಲ. 1547ರ ತ್ರೆಂತ್ ಮಹಾಸಭೆಯೂ ಲೂಥರನ ಹಲವು ಮಾತುಗಳನ್ನು ಖಂಡಿಸುತ್ತಲೇ, ರಕ್ಷಣೆಯ ಆರಂಭ ದೇವರ ವರಪ್ರಸಾದದಿಂದ, ನಮ್ಮ ಯೋಗ್ಯತೆಯಿಂದಲ್ಲ ಎಂದು ಸಾರಿತು. ಆ ವರಪ್ರಸಾದದೊಡನೆ ನಾವು ಸಹಕರಿಸುತ್ತೇವೆ, ಅದು ನಮ್ಮನ್ನು ಒಳಗಿನಿಂದಲೇ ಬದಲಿಸುತ್ತದೆ ಎಂಬುದನ್ನೂ ಒತ್ತಿ ಹೇಳಿತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ನಮ್ಮ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಈ ವಿಷಯದ ಮೂಲ ಸತ್ಯಗಳಲ್ಲಿ ತಾವು ಒಂದಾಗಿದ್ದೇವೆಂದು ಜಂಟಿ ಹೇಳಿಕೆಗೆ ಸಹಿ ಹಾಕಿದವು. ಎಲ್ಲ ಭೇದವೂ ಅಳಿದಿಲ್ಲ. ಆದರೆ ಮೊಗ್ಲಿಂಗರ ಕಾಲದಲ್ಲಿ ಅವರ ಪಾದ್ರಿಗಳಿಗೂ ನಮ್ಮ ಗುರುಗಳಿಗೂ ನಡುವೆ ಇದ್ದ ಗೋಡೆಯನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ.

ಮೊಗ್ಲಿಂಗರ ಕೆಲಸಗಳಲ್ಲಿ ಉಳಿದುಬಂದದ್ದರ ಬಗ್ಗೆ ಕೊನೆಗೆ ಒಂದು ಮಾತು. ಮದ್ರಾಸ್ ಸರಕಾರದ ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಅವರ ಹಣದ ನೆರವಿನಿಂದ ಅವರು ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣಗಳನ್ನು ಅಚ್ಚು ಹಾಕಿಸಿದರು. 1850ರಲ್ಲಿ ದಾಸರ ಪದಗಳನ್ನೂ ಪ್ರಕಟಿಸಿದರು. ಅಲ್ಲಿಯವರೆಗೆ ಅವು ಭಕ್ತರ ಬಾಯಲ್ಲಿ, ಓಲೆಯಲ್ಲಿ ಇದ್ದವು. ತನ್ನ ಬಲ ಬಿಟ್ಟು ದೇವರ ಪಾದ ಹಿಡಿದ ಪುರಂದರ ಕನಕರ ದೈನ್ಯದಲ್ಲಿ ಈ ಲೂಥರನ್ ಪಾದ್ರಿಗೆ ಪರಿಚಿತವಾದ ಏನೋ ಕೇಳಿಸಿರಬೇಕು ಎಂದು ನನ್ನ ಊಹೆ. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಊರಿಗೆ ಮರಳಿದ ಮೇಲೂ ಅವರು ದಾಸರ ಆ ಹಾಡುಗಳನ್ನು ಬಿಡದೆ, ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದರು. 1881ರ ಮೇ 10ರಂದು ಎಸ್ಲಿಂಗನ್ ಪಟ್ಟಣದಲ್ಲಿ ಕಣ್ಮುಚ್ಚಿದರು.