ಇನ್ನೂರು ಹೆಸರಿನ ಪಟ್ಟಿ

ಬಯೋಟೆಕ್ ಓದುವವರಿಗೆ ಎಂಬ್ಡೆನ್-ಮೇಯರ್‌ಹಾಫ್ ಪಾಥ್‌ವೇ ಗೊತ್ತೇ ಇರುತ್ತೆ. ಆ ಮೇಯರ್‌ಹಾಫ್ ಜರ್ಮನಿಯ ಯಹೂದಿ, 1922ರ ನೊಬೆಲ್ ಪಡೆದ ವಿಜ್ಞಾನಿ. 1940ರಲ್ಲಿ ಹಿಟ್ಲರನ ಕೈಗೆ ಸಿಗದೆ ಫ್ರಾನ್ಸ್‌ನಿಂದ ಪಾರಾಗಿ ಅಮೆರಿಕ ಸೇರಿದ. ಮರುವರ್ಷ ಚಿತ್ರಕಾರ ಮಾರ್ಕ್ ಶಗಾಲ್, ಚಿಂತಕಿ ಹನ್ನಾ ಅರೆಂಟ್ ಕೂಡ ಪಾರಾದರು. ಇವರಿಗೆಲ್ಲ ನೆರವಾದವನು ವೇರಿಯನ್ ಫ್ರೈ.

ಫ್ರೈ ಹುಟ್ಟಿದ್ದು 1907ರಲ್ಲಿ, ನ್ಯೂಯಾರ್ಕ್‌ನಲ್ಲಿ. ಹಾರ್ವರ್ಡ್‌ನಲ್ಲಿ ಓದಿ ಪತ್ರಿಕಾ ಸಂಪಾದಕನಾದ. 1935ರಲ್ಲಿ ಬರ್ಲಿನ್‌ಗೆ ಹೋದಾಗ ನಾಜಿ ಗುಂಪು ನಡುಬೀದಿಯಲ್ಲಿ ಯಹೂದಿಗಳನ್ನು ಹೊಡೆಯೋದನ್ನು ಕಣ್ಣಾರೆ ಕಂಡ. ಆ ದೃಶ್ಯ ಅವನನ್ನು ಬಿಡಲೇ ಇಲ್ಲ.

1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಿತು. ಜರ್ಮನಿ ಕೇಳಿದ ಜರ್ಮನರನ್ನೆಲ್ಲ ಹಿಡಿದು ಕೊಡಬೇಕು ಅಂತ ಒಪ್ಪಂದದಲ್ಲೇ ಬರೆದಿತ್ತು. ಹಿಟ್ಲರನಿಂದ ತಪ್ಪಿಸಿಕೊಂಡು ಅಲ್ಲಿಗೆ ಬಂದವರು ಬಲೆಗೆ ಬಿದ್ದಂತಾಯಿತು. ಅವರನ್ನು ಬಿಡಿಸಲು ನ್ಯೂಯಾರ್ಕ್‌ನಲ್ಲಿ ಒಂದು ಸಮಿತಿ ಹುಟ್ಟಿತು. ಫ್ರಾನ್ಸ್‌ಗೆ ಹೋಗೋರು ಯಾರು? ಇಂಥ ಕೆಲಸದ ಗಂಧಗಾಳಿ ಇಲ್ಲದ, 32 ವರ್ಷದ ಫ್ರೈ ಹೊರಟ. ಆಗಸ್ಟ್‌ನಲ್ಲಿ ಮಾರ್ಸೇಲ್ಸ್ ಬಂದರಿಗೆ ಬಂದಾಗ ಅವನ ಬಳಿ ಇದ್ದದ್ದು 3,000 ಡಾಲರ್ ಮತ್ತು ಲೇಖಕರು, ಕಲಾವಿದರು, ವಿಜ್ಞಾನಿಗಳು ಸೇರಿ ಸುಮಾರು 200 ಹೆಸರಿನ ಪಟ್ಟಿ. ಕೆಲವೇ ವಾರಗಳ ಕೆಲಸ ಅಂದುಕೊಂಡಿದ್ದ.

ಸಮಸ್ಯೆ ಕಾಗದಪತ್ರದ್ದು. ಮೊದಲು ಅಮೆರಿಕದಂಥ ದೇಶದ ವೀಸಾ ಬೇಕು. ಅದಿದ್ದರೆ ಪೋರ್ಚುಗಲ್ ದಾಟಲು ವೀಸಾ, ಅದಿದ್ದರೆ ಸ್ಪೇನ್‌ ದಾಟಲು ಇನ್ನೊಂದು. ಒಂದರ ಅವಧಿ ಮುಗಿದರೆ ಸರಪಳಿಯೇ ಕಳಚಿತು. ಕೊನೆಗೆ ಫ್ರಾನ್ಸ್ ಬಿಡಲು ಅನುಮತಿ. ಅದಕ್ಕೆ ಅರ್ಜಿ ಹಾಕೋದು ಅಂದ್ರೆ ಗೆಸ್ಟಪೋಗೆ ವಿಳಾಸ ಕೊಟ್ಟಂತೆ.

ಹಾಗಾಗಿ ಫ್ರೈ ಹೊರಗೆ ಪರಿಹಾರ ಕಚೇರಿ ತೆರೆದ, ಒಳಗೆ ಬೇರೆಯೇ ಕೆಲಸ ಶುರುಮಾಡಿದ. ಜೆಕ್ ಕಾನ್ಸುಲ್ ಪಾಸ್‌ಪೋರ್ಟ್ ಕೊಟ್ಟ. ವಿಯೆನ್ನಾದ ವ್ಯಂಗ್ಯಚಿತ್ರಕಾರ ಬಿಲ್ ಸ್ಪೀರಾ ಕುಂಚದಲ್ಲೇ ಸರ್ಕಾರಿ ಮುದ್ರೆ ಬರೆದ. ಮುಂದೆ ಸಿಕ್ಕಿಬಿದ್ದು ನಾಜಿ ಶಿಬಿರ ಕಂಡ. ಮುಂದೆ ದೊಡ್ಡ ಅರ್ಥಶಾಸ್ತ್ರಜ್ಞನಾದ ಆಲ್ಬರ್ಟ್ ಹರ್ಷ್‌ಮನ್ ಕಾಳಸಂತೆಯ ವ್ಯವಹಾರ ನೋಡಿಕೊಂಡ. ಹನ್ಸ್ ಮತ್ತು ಲೀಸಾ ಫಿಟ್ಕೊ ದಂಪತಿ ಪಿರನೀಸ್ ಬೆಟ್ಟದ ಕಾಲುದಾರಿಯಲ್ಲಿ ಜನರನ್ನು ಸ್ಪೇನ್‌ಗೆ ದಾಟಿಸಿದರು. ಸುಮಾರು 70ರ ಲೇಖಕ ಹೈನ್ರಿಶ್ ಮಾನ್ ಬೆಟ್ಟ ಹತ್ತಿ ದಾಟಿದಾಗ, ಆ ತಂಡದ ಸಾಮಾನು ಹೊತ್ತು ಫ್ರೈ ರೈಲಿನಲ್ಲಿ ಹೋದ.

ಎಲ್ಲರೂ ಉಳಿಯಲಿಲ್ಲ. ಹಿಲ್ಫರ್ಡಿಂಗ್, ಬ್ರೈಟ್‌ಶೈಡ್ ಎಂಬ ಇಬ್ಬರು ಜರ್ಮನ್ ನಾಯಕರು ಕಳ್ಳದಾರಿಗೆ ಒಪ್ಪಲಿಲ್ಲ. ಫೆಬ್ರವರಿ 1941ರಲ್ಲಿ ಫ್ರೆಂಚ್ ಪೊಲೀಸರು ಅವರನ್ನು ಜರ್ಮನರಿಗೆ ಒಪ್ಪಿಸಿದರು. ಇಬ್ಬರೂ ಸತ್ತರು.

ಇತ್ತ ಕಚೇರಿ ಮುಂದೆ ಕ್ಯೂ ಬೆಳೀತಾನೇ ಇತ್ತು. ಅದರಲ್ಲಿ ಬಹುಪಾಲು ಜನರ ಹೆಸರು ಪಟ್ಟಿಯಲ್ಲಿ ಇರಲೇ ಇಲ್ಲ. ಪ್ರಸಿದ್ಧರಲ್ಲದವರ ಜೀವಕ್ಕೆ ಬೆಲೆ ಕಡಿಮೆಯೇ? ಪಟ್ಟಿ ಮುಗಿಸಿ ಊರಿಗೆ ಹೋಗಬಹುದಿತ್ತು. ಫ್ರೈ ಉಳಿದ. ವೈಸ್ ಕಾನ್ಸುಲ್ ಹೈರಮ್ ಬಿಂಗ್‌ಹ್ಯಾಮ್‌ನಂಥ ಒಬ್ಬಿಬ್ಬರು ವೀಸಾ ಕೊಟ್ಟು ಸಹಕರಿಸಿದರೂ, ಅವನ ಸ್ವಂತ ಸರ್ಕಾರಕ್ಕೆ ಈತ ತಲೆನೋವಾಗಿದ್ದ. 1941ರ ಜನವರಿಯಲ್ಲಿ ಪಾಸ್‌ಪೋರ್ಟ್ ಅವಧಿ ಮುಗಿದಾಗ, ವಾಪಸ್ ಬರೋದಾದ್ರೆ ಮಾತ್ರ ನವೀಕರಣ ಅಂದಿತು. ಆದರೂ ಕದಲಲಿಲ್ಲ. ಸೆಪ್ಟೆಂಬರ್‌ನಲ್ಲಿ ಫ್ರೆಂಚ್ ಪೊಲೀಸರೇ ಗಡಿಯಾಚೆ ದಬ್ಬಿದರು. ಆ 13 ತಿಂಗಳಲ್ಲಿ ಪಾರಾದವರು ಸುಮಾರು 2,000 ಮಂದಿ.

1942ರ ಡಿಸೆಂಬರ್‌ನಲ್ಲಿ, ಯುರೋಪಿನ ಯಹೂದಿಗಳ ಸಾಮೂಹಿಕ ಕೊಲೆ ನಡೀತಿದೆ ಅಂತ ಅಮೆರಿಕದ ಪತ್ರಿಕೆಯಲ್ಲಿ ಎಚ್ಚರಿಸಿ ಬರೆದ. ಹೆಚ್ಚು ಜನ ಕಿವಿಗೊಡಲಿಲ್ಲ. ಕೊನೆಗಾಲದಲ್ಲಿ ಶಾಲೆಯೊಂದರಲ್ಲಿ ಲ್ಯಾಟಿನ್ ಮೇಷ್ಟ್ರಾಗಿದ್ದ. 1967ರಲ್ಲಿ ಫ್ರಾನ್ಸ್ ಗೌರವಿಸಿತು. ಅದೇ ಸೆಪ್ಟೆಂಬರ್‌ನಲ್ಲಿ, 59ನೇ ವಯಸ್ಸಿನಲ್ಲಿ ತೀರಿಕೊಂಡ. ಯಹೂದಿಗಳನ್ನು ಕಾಪಾಡಿದ ಅನ್ಯಧರ್ಮೀಯರಿಗೆ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಕೊಡುವ ಮನ್ನಣೆ 1994ರಲ್ಲಿ ಅವನಿಗೆ ಸಂದಿತು. ಅದನ್ನು ಪಡೆದ ಮೊದಲ ಅಮೆರಿಕನ್ ಅವನೇ.

ಕೈಗೆ ಕೊಟ್ಟಿದ್ದು 200 ಹೆಸರು, ದಾಟಿಸಿದ್ದು 2,000 ಜನರನ್ನು. ಹೆಚ್ಚಿನ ಆ 1,800 ಜನರನ್ನು ಉಳಿಸು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.