ಲೂಥರ್ ಬರ್ಬ್ಯಾಂಕ್

ಲೂಥರ್ ಬರ್ಬ್ಯಾಂಕ್ (ಮಾರ್ಚ್ 7, 1849 – ಏಪ್ರಿಲ್ 11, 1926) ಅಮೆರಿಕದ ಪ್ರಸಿದ್ಧ ಸಸ್ಯತಳಿ ಅಭಿವರ್ಧಕರು. ಐದು ದಶಕಗಳ ಅವಧಿಯಲ್ಲಿ ಅವರು ರೂಪಿಸಿದ ತಳಿಗಳು 800ಕ್ಕೂ ಹೆಚ್ಚು ಎನ್ನಲಾಗಿದೆ. ಅವುಗಳಲ್ಲಿ ಪ್ಲಮ್ ಹಣ್ಣಿನ ತಳಿಗಳೇ ನೂರನ್ನು ಮೀರುತ್ತವೆ.

ಆರಂಭಿಕ ಜೀವನ

ಮ್ಯಾಸಚೂಸೆಟ್ಸ್ ರಾಜ್ಯದ ಲ್ಯಾಂಕಾಸ್ಟರ್‌ನಲ್ಲಿ ಜನಿಸಿದ ಬರ್ಬ್ಯಾಂಕ್ ತಂದೆಯ 15 ಮಕ್ಕಳಲ್ಲಿ 13ನೆಯವರು. ಕಾಲೇಜು ಶಿಕ್ಷಣ ದೊರೆಯಲಿಲ್ಲ. ಸಾಕುಪ್ರಾಣಿಗಳಲ್ಲೂ ಬೆಳೆಗಳಲ್ಲೂ ಉಂಟಾಗುವ ವ್ಯತ್ಯಾಸಗಳನ್ನು ಕುರಿತು ಡಾರ್ವಿನ್ ಬರೆದ ಗ್ರಂಥವು ಅವರ ಬದುಕಿನ ದಿಕ್ಕನ್ನು ನಿರ್ಧರಿಸಿತು. ಆಲೂಗಡ್ಡೆ ಗಿಡವೊಂದರಲ್ಲಿ ಅಪರೂಪಕ್ಕೆ ಬಿಟ್ಟ ಕಾಯಿಯ 23 ಬೀಜಗಳನ್ನು ಬಿತ್ತಿ, ಅವುಗಳಿಂದ ಉತ್ತಮ ತಳಿಯೊಂದನ್ನು ಆರಿಸಿದರು. ಅದರ ಹಕ್ಕನ್ನು 150 ಡಾಲರಿಗೆ ಮಾರಿ, 1875ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾ ಪಟ್ಟಣಕ್ಕೆ ತೆರಳಿದರು.

ಪ್ಲಮ್ ಸಂಕರಗಳು

ಪ್ಲಮ್ ಮಾವಿನಂತೆಯೇ ಒಂದೇ ಗೊರಟುಳ್ಳ ಹಣ್ಣು. ಕಾರವಾರ, ಅಂಕೋಲಾ ಭಾಗದ ಇಶಾಡ ಮಾವನ್ನು ಬಲ್ಲವರಿಗೆ ಇಂತಹ ಹಣ್ಣುಗಳ ತೊಡಕು ಪರಿಚಿತವೇ: ಫಸಲು ಬೇಸಿಗೆಯ ಕೆಲವು ವಾರಗಳಲ್ಲಿ ಒಮ್ಮೆಲೇ ಬಂದು, ಮಳೆ ಹಿಡಿಯುವ ಹೊತ್ತಿಗೆ ಮುಗಿಯುತ್ತದೆ, ತೆಳುಸಿಪ್ಪೆಯ ಕರಿ ಇಶಾಡವನ್ನು ಬಹುದಿನ ಇರಿಸುವುದೂ ಕಷ್ಟ. ಕ್ಯಾಲಿಫೋರ್ನಿಯಾದ ಬೆಳೆಗಾರರಿಗೂ ಇದೇ ಸಮಸ್ಯೆಯಿತ್ತು. ರೈಲಿನಲ್ಲಿ ಪೂರ್ವದ ನಗರಗಳನ್ನು ತಲುಪುವವರೆಗೆ ಕೆಡದಿರುವ, ಬೇಗ ಅಥವಾ ತಡವಾಗಿ ಮಾಗಿ ಸುಗ್ಗಿಯನ್ನು ಹಿಗ್ಗಿಸುವ ಹಣ್ಣು ಬೇಕಾಗಿತ್ತು.

1885ರಲ್ಲಿ ಜಪಾನಿನಿಂದ ತರಿಸಿದ 12 ಸಸಿಗಳು ಈ ಕಾರ್ಯಕ್ಕೆ ತಳಹದಿಯಾದವು. ಬರ್ಬ್ಯಾಂಕ್ ಹೂವು ಅರಳುವ ಮುನ್ನವೇ ಅದರ ಕೇಸರಗಳನ್ನು ಕತ್ತರಿಸಿ ತೆಗೆದು, ಬೇರೊಂದು ಮರದ ಪರಾಗವನ್ನು ಬೆರಳ ತುದಿಯಿಂದ ಸವರುತ್ತಿದ್ದರು. ಹೀಗೆ ಹುಟ್ಟಿದ ಸಸಿ ತಾನೇ ಬೆಳೆದು ಫಲ ಕೊಡುವವರೆಗೆ ಕಾಯದೆ, ಅದರ ಕಡ್ಡಿಯನ್ನು ಬಲಿತ ಮರದ ಕೊಂಬೆಗೆ ಕಸಿಮಾಡುತ್ತಿದ್ದರು. ಒಂದೇ ಮರದ ಮೇಲೆ ನೂರಾರು ಸಂಕರಗಳು ಬೆಳೆಯುತ್ತಿದ್ದವು. ಎಲೆ, ಮೊಗ್ಗುಗಳನ್ನು ನೋಡಿಯೇ ಹೆಚ್ಚಿನವನ್ನು ತಿರಸ್ಕರಿಸುತ್ತಿದ್ದರು; ತಿರಸ್ಕೃತ ಗಿಡಗಳನ್ನು ರಾಶಿ ಹಾಕಿ ಸುಡಲಾಗುತ್ತಿತ್ತು. 1906ರ ಸಾಂಟಾ ರೋಸಾ ತಳಿ ಅವರ ಪ್ಲಮ್‌ಗಳಲ್ಲಿ ಅತ್ಯಂತ ಜನಪ್ರಿಯವಾದುದು. ತಡವಾಗಿ ಮಾಗುವ, ಕೆಂಪು ತಿರುಳಿನ ಎಲಿಫೆಂಟ್ ಹಾರ್ಟ್ ಮಾರುಕಟ್ಟೆಗೆ ಬಂದದ್ದು ಅವರ ಮರಣಾನಂತರ. ಪ್ಲಮ್ ಮತ್ತು ಏಪ್ರಿಕಾಟ್‌ಗಳನ್ನು ಕೂಡಿಸಿ ಪ್ಲಮ್‌ಕಾಟ್ ಎಂಬ ಹೊಸ ಹಣ್ಣನ್ನೂ ಅವರು ಪಡೆದರು.

ದಾಖಲೆ ಮತ್ತು ಹಕ್ಕಿನ ಪ್ರಶ್ನೆ

1905ರಲ್ಲಿ ಕಾರ್ನೆಗಿ ಸಂಸ್ಥೆಯು ವರ್ಷಕ್ಕೆ 10,000 ಡಾಲರುಗಳ ನೆರವು ನೀಡತೊಡಗಿತು. ಅವರ ವಿಧಾನಗಳನ್ನು ದಾಖಲಿಸಲು ಬಂದ ಜಾರ್ಜ್ ಷಲ್ (ಮುಂದೆ ಸಂಕರ ಮುಸುಕಿನ ಜೋಳದ ಸಂಶೋಧನೆಯಿಂದ ಖ್ಯಾತರಾದವರು) ಅವರಿಗೆ ಬೇಕಾದ ಕ್ರಮಬದ್ಧ ಟಿಪ್ಪಣಿಗಳು ಅಲ್ಲಿರಲಿಲ್ಲ. ಹಲವು ತಳಿಗಳ ತಾಯಿ ತಂದೆ ಯಾವುವೆಂಬುದು ಬರ್ಬ್ಯಾಂಕರ ನೆನಪಿನಲ್ಲಿ ಮಾತ್ರವಿತ್ತು. ಕೆಲವೇ ವರ್ಷಗಳಲ್ಲಿ ನೆರವು ನಿಂತಿತು. ಮೆಂಡಲ್‌ನ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದ ಮೇಲೂ, ಗಿಡವು ಪರಿಸರದಿಂದ ಗಳಿಸಿದ ಗುಣಗಳು ಮುಂದಿನ ಪೀಳಿಗೆಗೆ ಇಳಿಯುತ್ತವೆಂದೇ ಅವರು ನಂಬಿದ್ದರು. ವಿಜ್ಞಾನಿಗಳ ಟೀಕೆ ಈ ಮಟ್ಟಿಗೆ ನ್ಯಾಯವಾದದ್ದೇ. ಆದರೆ ಅವರ ಆಯ್ಕೆಯ ಕಣ್ಣನ್ನು ತೋಟಗಾರರು ಸಂದೇಹಿಸಲಿಲ್ಲ.

ಆ ಕಾಲದಲ್ಲಿ ಸಸ್ಯಗಳಿಗೆ ಪೇಟೆಂಟ್ ಇರಲಿಲ್ಲ. ಒಂದು ಕಡ್ಡಿ ಕೈಗೆ ಸಿಕ್ಕರೆ ಯಾವ ನರ್ಸರಿಯಾದರೂ ಕಸಿಮಾಡಿ ಮಾರಬಹುದಿತ್ತು. ಹೀಗಾಗಿ ಹೊಸ ತಳಿಯ ಮೊದಲ ಮಾರಾಟವೇ ಬಹುಪಾಲು ಅವರ ಸಂಪಾದನೆಯಾಗಿತ್ತು. ಸಸ್ಯ ಪೇಟೆಂಟ್ ಕಾಯ್ದೆ 1930ರಲ್ಲಿ ಜಾರಿಗೆ ಬಂದಿತು. ಮರಣೋತ್ತರವಾಗಿ ಬರ್ಬ್ಯಾಂಕ್ ಹೆಸರಿನಲ್ಲಿ 16 ಪೇಟೆಂಟುಗಳು ದೊರೆತವು.

ಕೊನೆಯ ದಿನಗಳು

ಪರಮಹಂಸ ಯೋಗಾನಂದರು ಬರ್ಬ್ಯಾಂಕರ ಸ್ನೇಹಿತರಾಗಿದ್ದರು. 1946ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯನ್ನು ಅವರ ಸ್ಮರಣೆಗೆ ಅರ್ಪಿಸಿದ್ದಾರೆ. ಬರ್ಬ್ಯಾಂಕ್ ಎರಡು ಬಾರಿ ವಿವಾಹವಾಗಿದ್ದರು, ಮಕ್ಕಳಿರಲಿಲ್ಲ. ಸಾಂಟಾ ರೋಸಾದ ಮನೆಯಂಗಳದ ದೇವದಾರು ಮರದ ಬುಡದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಅವರ ಜನ್ಮದಿನವಾದ ಮಾರ್ಚ್ 7ನ್ನು ಕ್ಯಾಲಿಫೋರ್ನಿಯಾದಲ್ಲಿ ವೃಕ್ಷದಿನವಾಗಿ ಆಚರಿಸಲಾಗುತ್ತದೆ.