ಸಮುದ್ರ ದಾಟಿದ ಶ್ರಾವಕ ವೀರಚಂದ ಗಾಂಧಿ

ನಮ್ಮ ಹುನಗುಂದ ಸೀಮೆಯ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘವು 1088ರಲ್ಲಿಯೇ ಸಮುದ್ರದಾಚೆಯ ಸುಮಾತ್ರಾ ದ್ವೀಪದಲ್ಲಿ ಶಾಸನ ಹಾಕಿಸಿತ್ತು. ಅಂಥ ನಾಡಿನಲ್ಲಿ ಎಂಟು ಶತಮಾನಗಳ ತರುವಾಯ ಹಡಗು ಹತ್ತಿದವನನ್ನು ಜಾತಿಯಿಂದ ಹೊರಗಿಡುವ ಕಾಲ ಬಂದಿತ್ತೆಂಬುದು ವರ್ತಕನಾದ ನನಗೆ ಸೋಜಿಗವೆನಿಸುತ್ತದೆ. ಅಂಥ ಕಾಲದಲ್ಲಿ ಧರ್ಮಕಾರ್ಯಕ್ಕಾಗಿ ಅಮೇರಿಕೆಗೆ ತೆರಳಿದ ಶ್ರೀ ವೀರಚಂದ ರಾಘವಜಿ ಗಾಂಧಿಯವರ ಜೀವನವನ್ನು ಶ್ರಾವಕ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಅವರು 1864ರ ಆಗಸ್ಟ್ 25ರಂದು ಗುಜರಾತದ ಮಹುವಾದಲ್ಲಿ ಜವಾಹಿರ ವ್ಯಾಪಾರಿಯ ಮನೆಯಲ್ಲಿ ಜನಿಸಿದರು. 1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಪದವೀಧರರಾಗಿ, ಇಪ್ಪತ್ತೊಂದರ ವಯಸ್ಸಿಗೇ ಭಾರತೀಯ ಜೈನ ಸಂಘದ ಕಾರ್ಯದರ್ಶಿಯಾದರು. ಪವಿತ್ರ ಸಮ್ಮೇದ ಶಿಖರಜಿಯ ಬೆಟ್ಟದಲ್ಲಿ ಹಂದಿಯ ಕೊಬ್ಬು ತೆಗೆಯುವ ಕಾರಖಾನೆ ಏಳಲು, ಅದನ್ನು ನಿಲ್ಲಿಸಲು ಕಲಕತ್ತೆಗೆ ಹೋಗಿ, ಕಾಗದಪತ್ರಗಳನ್ನು ತಾವೇ ಓದುವುದಕ್ಕೆಂದು ಬಂಗಾಲಿ ಭಾಷೆಯನ್ನೇ ಕಲಿತರು. ಅವರು ಶ್ವೇತಾಂಬರ ಆಮ್ನಾಯದವರು. ಆದರೆ ಶಿಖರಜಿಯು ನಮ್ಮೆಲ್ಲರದು.

1893ರಲ್ಲಿ ಶಿಕಾಗೋ ನಗರದ ಸರ್ವಧರ್ಮ ಸಮ್ಮೇಳನಕ್ಕೆ ಆಚಾರ್ಯ ವಿಜಯಾನಂದಸೂರಿಗಳಿಗೆ ಆಮಂತ್ರಣ ಬಂದಿತು. ಪಾದವಿಹಾರಿಗಳಾದ ಮುನಿಗಳು ಹಡಗನ್ನೇರುವಂತಿಲ್ಲ. ಆದುದರಿಂದ ಇಪ್ಪತ್ತೊಂಬತ್ತರ ಈ ಗೃಹಸ್ಥರನ್ನು ತಮ್ಮ ಪ್ರತಿನಿಧಿಯಾಗಿ ಕಳುಹಿಸಿದರು. ಸಮಾಜದಲ್ಲಿ ಗದ್ದಲವೆದ್ದಿತು. ಶ್ರಾವಕನ ದಿಗ್ವ್ರತವಾದರೋ ತಾನೇ ಹಾಕಿಕೊಂಡ ಎಲ್ಲೆ. ಸಮುದ್ರವೇ ನಿಷಿದ್ಧವೆಂದು ಅದು ಹೇಳುವುದಿಲ್ಲ. ಇದು ಅಂದಿನ ಹಿರಿಯರಿಗೆ ತಿಳಿಯದ ಮಾತೇನೂ ಅಲ್ಲ.

ಸಮ್ಮೇಳನದಲ್ಲಿ ಅವರು ಜೈನಧರ್ಮದ ತತ್ತ್ವ ಹಾಗೂ ಆಚಾರಗಳನ್ನು ನಿರೂಪಿಸಿದರು. ಪಾದ್ರಿಯೊಬ್ಬರು ಹಿಂದೂ ದೇವಾಲಯಗಳನ್ನು ಹೀಗಳೆದಾಗ, ಆ ನಿಂದೆ ಜೈನರ ಮೇಲಿನದಲ್ಲವೆಂದು ಸುಮ್ಮನಿರದೆ ಎದ್ದು ಉತ್ತರ ಕೊಟ್ಟರು. ಕೊರೆಯುವ ಚಳಿಯ ಆ ದೇಶದಲ್ಲಿಯೂ ಶಾಕಾಹಾರವನ್ನು ಬಿಡಲಿಲ್ಲ. ಸರಕಿನ ಖರೀದಿಗೆ ಸೊಲ್ಲಾಪುರಕ್ಕೆ ಹೊರಟರೂ ಮನೆಯಿಂದ ಬುತ್ತಿ ಕಟ್ಟಿಕೊಂಡು, ಹೊತ್ತು ಮುಳುಗುವ ಮೊದಲು ಬಿಚ್ಚಲು ಪರದಾಡುವ ನನಗೆ ಇದರ ಕಷ್ಟ ಕೊಂಚ ತಿಳಿದಿದೆ.

ಆದರೆ ಅವರಿಗೆ ಸಮುದ್ರಕ್ಕಿಂತ ದೊಡ್ಡ ಪರೀಕ್ಷೆ ಕಾದಿದ್ದುದು ತಮ್ಮವರಿಂದಲೇ. ಅವರು ಅಲ್ಲಿ ಧರ್ಮಕ್ಕಾಗಿ ದುಡಿಯುತ್ತಿರುವಾಗ ಇಲ್ಲಿ ಕೆಲವರು ಬಹಿಷ್ಕಾರದ ಮಾತೆತ್ತಿದ್ದರು. ಅದೇ ಸಮ್ಮೇಳನಕ್ಕೆ ಹೋಗಿದ್ದ ಸ್ವಾಮಿ ವಿವೇಕಾನಂದರು 1894ರ ಒಂದು ಪತ್ರದಲ್ಲಿ, ಗಾಂಧಿಯವರ ಆಹಾರನಿಷ್ಠೆಯನ್ನು ಮೆಚ್ಚಿ, ಕಳುಹಿಸಿದವರೇ ಅವರನ್ನು ಹೊರಗಿಡಲು ನೋಡುತ್ತಿರುವುದಕ್ಕೆ ನೊಂದು ಬರೆದಿದ್ದಾರೆ. ಪರಧರ್ಮೀಯರು ಆದರಿಸಿದವರನ್ನು ಮನೆಯವರು ಬಾಗಿಲಲ್ಲಿ ನಿಲ್ಲಿಸಿದುದನ್ನು ಓದುವಾಗ ನನಗೆ ನಾಚಿಕೆಯಾಗುತ್ತದೆ. ಅವರು ಮಾತ್ರ ವಿರೋಧವಿದ್ದಾಗ್ಯೂ ಊರಿಗೆ ಮರಳಿದರು, ಧರ್ಮೋಪನ್ಯಾಸ ಮುಂದುವರಿಸಿದರು, 1896ರಲ್ಲಿ ಮತ್ತೆ ಹಡಗು ಹತ್ತಿದರು! ಆ ಸಲ ಭಾರತದಲ್ಲಿ ಬರಗಾಲ ಬಿದ್ದಿತ್ತು. ಅಮೇರಿಕದ ಜನರ ಮನವೊಲಿಸಿ ಒಂದು ಹಡಗಿನ ತುಂಬ ಗೋವಿನಜೋಳವನ್ನು ಇತ್ತ ಕಳುಹಿಸಿಕೊಡುವಂತೆ ಮಾಡಿದರು. ಆ ಕಾಳೂ ಅದೇ ಸಮುದ್ರವನ್ನು ದಾಟಿ ಬಂದಿತು.

ಮೂರನೆಯ ಯಾತ್ರೆಯ ಬಳಿಕ 1901ರಲ್ಲಿ ಮುಂಬಯಿಗೆ ಮರಳಿದ ಅವರು ಅದೇ ವರ್ಷದ ಆಗಸ್ಟ್ 7ರಂದು, ಮೂವತ್ತೇಳು ತುಂಬುವ ಮುನ್ನವೇ ತೀರಿಕೊಂಡರು. 2002ರಲ್ಲಿ ಭಾರತ ಸರಕಾರವು ಅವರ ಭಾವಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು.